ಹಳೆ ಬಲೆ, ಹಗ್ಗ ಇದ್ದರೆ ಸುಡಬೇಡಿ

ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬೋಟುಗಳು ದಕ್ಕೆಯಲ್ಲೇ, ಅಂದರೆ ಬಂದರಿನ ಕಟ್ಟೆಯಲ್ಲೇ, ಇರುತ್ತವೆ. ಬಲೆ ರಿಪೇರಿ ಮಾಡುವ ಹೊತ್ತು ಅದು. ಹರಿದ ನೈಲಾನ್ ಬಲೆ ಆಗ ಬೇಕಾದಷ್ಟು ಸಿಗುತ್ತದೆ. ಕೆಲವರು ಸುಮ್ನೆ ಸುಟ್ಟುಬಿಡುತ್ತಾರೆ. ಆ ಹೊಗೆ ಯಾರಿಗೆ ಬೇಕು?

ನಮ್ಮ ಮನೆಯ ಬಸಳೆ ಚಪ್ಪರಕ್ಕೆ ಹಾಕಿದ್ದು ಇಂಥದ್ದೇ ಬಲೆ. ಮೊದಲು ಎರಡು ಮಳೆಗೆ ಅಂಗಳದಲ್ಲಿ ಹರಡಿಬಿಡಿ, ಉಪ್ಪೂ ವಾಸನೆಯೂ ಹೋಗುತ್ತವೆ. ಆಮೇಲೆ ನಾಲ್ಕು ಅಡಿಕೆ ಮರದ ಕಂಬಕ್ಕೆ ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಿಟ್ಟರೆ ಬಳ್ಳಿಯ ಭಾರಕ್ಕೆ ಜೋತು ಬೀಳುತ್ತದೆ.

ಹಗ್ಗ ಕತ್ತರಿಸಿದ ಮೇಲೆ ತುದಿಯನ್ನು ಮೇಣದ ಬತ್ತಿಗೆ ಹಿಡಿದು ಕರಗಿಸಿ, ಎಳೆ ಬಿಚ್ಚುವುದಿಲ್ಲ. ಕರಗಿದ್ದನ್ನು ಬೆರಳಲ್ಲಿ ಒತ್ತಬೇಡಿ, ನಾನು ಒತ್ತಿ ಬೊಬ್ಬೆ ಬರಿಸಿಕೊಂಡಿದ್ದೇನೆ. ಬಾವಿಯಿಂದ ನೀರು ಸೇದಲು ಮಾತ್ರ ಹಳೆ ಹಗ್ಗ ಬೇಡ, ಬಿಸಿಲು ತಿಂದ ನೈಲಾನ್ ಯಾವಾಗ ತುಂಡಾಗುತ್ತದೋ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ನವಿಲು ಬರದ ಹಾಗೆ ಬೇಲಿಗೆ ಬಲೆ ಕಟ್ಟುವವರು ಅದನ್ನು ನೆಲದಿಂದ ಒಂದಡಿ ಮೇಲಕ್ಕೇ ನಿಲ್ಲಿಸಿ. ಕಳೆದ ವರ್ಷ ನಮ್ಮಲ್ಲಿ ಕೇರೆ ಹಾವೊಂದು ಬಲೆಯ ಕಣ್ಣಿಗೆ ಸಿಕ್ಕಿಕೊಂಡಿತ್ತು. ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಬೇಕಾಯಿತು.