ಬ್ರಿಟನ್ನಿನ ಕಂಪನಿಯ ‘ಓಟಿ’ ನೋಡುವುದು ಹೇಗೆ? ಕೊಡಗಿನಿಂದ ಹೊರಟವರಿಗೆ

ಓಟಿ (ಔಟ್‌ಟರ್ನ್, ಅಂದರೆ ಮೂಟೆಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ), ತೇವಾಂಶ ಎರಡನ್ನೂ ನೋಡದೆ ಕಾಫಿ ಚೆರ್ರಿ ಮೂಟೆಗೆ ದರ ಕಟ್ಟುವ ವ್ಯಾಪಾರಿ ಗೋಣಿಕೊಪ್ಪದಲ್ಲಿ ಸಿಗಲಿಕ್ಕಿಲ್ಲ. ಆದರೆ ವಾಟ್ಸಾಪಿನಲ್ಲಿ ಬಂದ ಆಫರ್ ಲೆಟರ್ ನಂಬಿ ಮನೆಯ ಚಿನ್ನ ಅಡವಿಡುವವರು ಇದ್ದಾರೆ. ಬ್ರಿಟನ್ನಿನ ಕಂಪನಿಯನ್ನು ಅಳೆಯಲು ದುಡ್ಡು ಬೇಡ. ಮಡಿಕೇರಿಯಲ್ಲೇ ಕೂತು, ಒಂದು ಗಂಟೆ ಬಿಡುವು ಮಾಡಿಕೊಂಡರೆ ಸಾಕು.

ಮೊದಲು ಸ್ಪಾನ್ಸರ್ ಪಟ್ಟಿ. ಕೆಲಸದ ವೀಸಾಕ್ಕೆ ಜನರನ್ನು ಕರೆಸಿಕೊಳ್ಳಲು ಪರವಾನಗಿ ಇರುವ ಕಂಪನಿಗಳ ಹೆಸರು ಬ್ರಿಟನ್ ಸರ್ಕಾರದ ಗೌವ್ ಡಾಟ್ ಯುಕೆ ತಾಣದಲ್ಲಿದೆ. ಹೆಸರಿನ ಪಕ್ಕದಲ್ಲಿ ‘ಸ್ಕಿಲ್ಡ್ ವರ್ಕರ್’ ಎಂದೂ ‘ಎ’ ರೇಟಿಂಗ್ ಎಂದೂ ಇರಬೇಕು. ‘ಬಿ’ ಇದ್ದರೆ ಲೋಪ ಸಿಕ್ಕಿದೆ ಎಂದರ್ಥ. ಸರಿಪಡಿಸಿಕೊಳ್ಳುವ ತನಕ ಹೊಸಬರನ್ನು ಕರೆಸುವಂತಿಲ್ಲ. ಆಫರ್ ಬಂದ ದಿನ ಒಮ್ಮೆ, ವೀಸಾ ಶುಲ್ಕ ಕಟ್ಟುವ ದಿನ ಮತ್ತೊಮ್ಮೆ ನೋಡಿ. ಅಂದಹಾಗೆ, ಕೇರ್ ವರ್ಕರ್ (ವೃದ್ಧರು, ಅಶಕ್ತರ ಆರೈಕೆ) ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದು 2025ರ ಜುಲೈ 22ಕ್ಕೇ ನಿಂತಿದೆ. ಈಗಲೂ ಆ ಕೆಲಸ ಕೊಡಿಸುತ್ತೇನೆ ಎನ್ನುವವರ ಜೊತೆ ಮಾತೇ ಬೇಡ.

ಆಮೇಲೆ ಕಂಪನೀಸ್ ಹೌಸ್, ಅಂದರೆ ಅಲ್ಲಿನ ಕಂಪನಿ ರಿಜಿಸ್ಟ್ರಾರ್. ಒಂದೇ ಬಗೆಯ ಹೆಸರುಗಳು ಹತ್ತಾರು ಇರುತ್ತವೆ, ಆದ್ದರಿಂದ ನೋಂದಣಿ ಸಂಖ್ಯೆ ಹಾಕಿಯೇ ಹುಡುಕಿ. ಹೆಸರು ಸಿಕ್ಕಿತೆಂದು ಹಿಗ್ಗಬೇಡಿ. ಸ್ವಲ್ಪ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅಲ್ಲಿ ಕಂಪನಿ ತೆರೆಯಬಹುದು. ಲೆಕ್ಕಪತ್ರದ ಮುಂದೆ ‘ಓವರ್‌ಡ್ಯೂ’ (ಗಡುವು ಮೀರಿದೆ) ಅಥವಾ ಸ್ಥಿತಿಯಲ್ಲಿ ‘ಸ್ಟ್ರೈಕ್ ಆಫ್’ (ಪಟ್ಟಿಯಿಂದ ತೆಗೆಯುವುದು) ಎಂಬ ಮಾತು ಕಂಡರೆ ಅಲ್ಲಿಗೇ ಕೈಬಿಡಿ. ನಿರ್ದೇಶಕರ ಹೆಸರು ಒತ್ತಿದರೆ ಅವರ ಬೇರೆ ಕಂಪನಿಗಳೂ ಬರುತ್ತವೆ. ನಾಲ್ಕೈದು ತೆರೆದು ನಾಲ್ಕೈದೂ ಮುಚ್ಚಿದ್ದರೆ ಅದೇ ಉತ್ತರ.

ನಿಜವಾದ ಓಟಿ ಇರುವುದು ಅದೇ ತಾಣದ ‘ಫೈಲಿಂಗ್ ಹಿಸ್ಟರಿ’ಯಲ್ಲಿ (ಕಂಪನಿ ಸಲ್ಲಿಸಿದ ದಾಖಲೆಗಳ ಪಟ್ಟಿ) ಸಿಗುವ ಬ್ಯಾಲೆನ್ಸ್ ಶೀಟಿನಲ್ಲಿ. ಪಿಡಿಎಫ್ ತೆರೆದು ಎರಡು ಸಾಲು ಹುಡುಕಿ: ‘ಕರೆಂಟ್ ಅಸೆಟ್ಸ್’ (ನಗದು, ಬರಬೇಕಾದ ಬಾಕಿಯಂಥ ಬೇಗ ಕೈಗೆ ಸಿಗುವ ಆಸ್ತಿ) ಮತ್ತು ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ, ಅಂದರೆ ‘ಕ್ರೆಡಿಟರ್ಸ್’. ಮೊದಲನೆಯದು 38,000 ಪೌಂಡ್, ಅದರಲ್ಲಿ ನಗದು 4,000, ಎರಡನೆಯದು 96,000 ಎಂದಿಟ್ಟುಕೊಳ್ಳಿ. ಇಂಥವರು ನಿಮಗೆ ವರ್ಷಕ್ಕೆ 42,000 ಸಂಬಳ ಎಲ್ಲಿಂದ ಕೊಡುತ್ತಾರೆ? ಒಂದು ವರ್ಷದ ನಷ್ಟ ನೋಡಿ ಹೆದರಬೇಕಿಲ್ಲ, ಬೆಳೆ ಕೈಕೊಟ್ಟ ವರ್ಷ ಯಾರಿಗಿಲ್ಲ? ಮೂರು ವರ್ಷದ ‘ನೆಟ್ ಅಸೆಟ್ಸ್’ (ಸಾಲವೆಲ್ಲ ಕಳೆದು ಉಳಿಯುವ ಆಸ್ತಿ) ಪಕ್ಕಪಕ್ಕ ಬರೆದುಕೊಳ್ಳಿ. ಸತತವಾಗಿ ಇಳಿಯುತ್ತಾ ಮೈನಸ್ಸಿಗೆ ಬಂದಿದ್ದರೆ ಬೇಡ. ಕೊನೆಯ ಟಿಪ್ಪಣಿಗಳಲ್ಲಿ ನೌಕರರ ಸರಾಸರಿ ಸಂಖ್ಯೆಯೂ ಇರುತ್ತದೆ. ಇಬ್ಬರೇ ಇರುವ ಕಡೆ ಇಪ್ಪತ್ತು ಜನರನ್ನು ಕರೆಸುತ್ತಿದ್ದಾರೆಂದರೆ ಕೆಲಸವೇ ಇಲ್ಲದೆ ವೀಸಾ ಮಾರುತ್ತಿರಬಹುದು. ಕಂಪನಿ ಮುಳುಗಿದರೆ ಅಥವಾ ಪರವಾನಗಿ ಹೋದರೆ ನಿಮ್ಮ ವೀಸಾಕ್ಕೂ ಕುತ್ತು: ಬೇರೆ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ.

ಎಲ್ಲವೂ ಸರಿಯಿದ್ದರೂ ಪತ್ರ ಕಳಿಸಿದವರು ಆ ಕಂಪನಿಯವರೇ ಆಗಿರಬೇಕಲ್ಲ. ಒಳ್ಳೆಯ ಕಂಪನಿಯ ಹೆಸರು, ಸಂಖ್ಯೆ ಕದ್ದು ಪತ್ರ ತಯಾರಿಸುವುದೇ ಹೆಚ್ಚು. ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿದರೆ ಎತ್ತುವವರು ಕಳ್ಳರೇ! ಕಂಪನಿಯ ಜಾಲತಾಣವನ್ನು ನೀವೇ ಹುಡುಕಿ, ಅಲ್ಲಿನ ನಂಬರಿಗೆ ಮಾಡಿ.

ದುಡ್ಡಿನ ಮಾತು ಬಂದಾಗ: ವೀಸಾ ಶುಲ್ಕ, ಹೆಲ್ತ್ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹಣ) ನಿಮ್ಮ ಪಾಲಿಗೆ ಬರಬಹುದು, ಅದನ್ನು ಸರ್ಕಾರಿ ತಾಣದಲ್ಲೇ ಕಟ್ಟುತ್ತೀರಿ. ವೀಸಾ ಅರ್ಜಿಗಾಗಿ ಕಂಪನಿ ನಿಮ್ಮ ಹೆಸರಿಗೆ ಕೊಡುವ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ಪಿನ ಶುಲ್ಕ ಕಂಪನಿಯದು, ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಹೆಸರು ಸರ್ಟಿಫಿಕೇಟ್ ಎಂದಿದ್ದರೂ ಅದು ಕಾಗದವಲ್ಲ, ಕಂಪ್ಯೂಟರಿನ ದಾಖಲೆ. ನಿಮಗೆ ಬೇಕಾದದ್ದು ಅದರ ಸಂಖ್ಯೆ. ಸೀಲು ಹೊಡೆದ ಬಣ್ಣದ ಕಾಗದಕ್ಕೆ ಲಕ್ಷಗಟ್ಟಲೆ ಕೇಳಿದರೆ ಕೊಡಬೇಡಿ.

ಗಲ್ಫಿಗೆ ಹೊರಟವರು ಏಜೆಂಟರ ಹೆಸರನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ರಸೀದಿ ಕೇಳಿ ಪಡೆಯಿರಿ. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎಂದರೆ ಕಣ್ಣೂರು ವಿಮಾನ ನಿಲ್ದಾಣದಿಂದ ಟಿಕೆಟ್ ಬುಕ್ ಮಾಡಬೇಡಿ.