ಟಿವಿ ಹಿಂದಿನ ಆ ಬಾಕ್ಸ್: ಕೊಡಗಿನ ಮನೆಗಳಲ್ಲಿ ಇಂಟರ್ನೆಟ್ ನಿಧಾನವಾದಾಗ ಎಲ್ಲಿಂದ ಹುಡುಕಬೇಕು

100 ಎಂಬಿಪಿಎಸ್ ಪ್ಲಾನ್ ಇದೆ, ಮೋಡೆಮ್‌ನಲ್ಲಿ ಕೆಂಪು ದೀಪವಿಲ್ಲ, ಆದರೂ ರಾತ್ರಿ ಎಂಟರ ಮೇಲೆ ವಿಡಿಯೋ ಕಾಲ್ ತುಂಡುತುಂಡು. ಲೈನ್‌ಮ್ಯಾನ್ ಬಂದು ಪವರ್ ಮೀಟರ್ ಹಿಡಿದು ‘ಲೈಟ್ ಸರಿಯಿದೆ’ ಅನ್ನುತ್ತಾರೆ. ಅವರು ಹೇಳಿದ್ದು ಹಲವು ಸಲ ನಿಜವೇ. ಅವರು ನೋಡದ ಜಾಗ ಟಿವಿಯ ಹಿಂಭಾಗ. ‘ಎಲ್ಲಾ ಚಾನೆಲ್, ಎಲ್ಲಾ ಸಿನಿಮಾ, ಜೀವನಪರ್ಯಂತ ಫ್ರೀ’ ಎಂದು ಹೇಳಿ ಮಾರಿದ ಆಂಡ್ರಾಯ್ಡ್ ಬಾಕ್ಸ್ ಅಲ್ಲಿ ಕೂತಿದ್ದರೆ, ಪ್ಲಾನ್ ಬದಲಿಸುವ ಮುನ್ನ ಅದರ ಲೆಕ್ಕ ನೋಡಬೇಕು.

ಇಂಥ ಬಾಕ್ಸ್‌ಗಳ ಮೇಲೆ ಈಗ ಎರಡು ಕಡೆಯಿಂದ ಕಡಿವಾಣ ಬೀಳುತ್ತಿದೆ. ಒಂದು, ಕದ್ದ ಪ್ರಸಾರದ ವಿಚಾರ. ದೆಹಲಿ ಹೈಕೋರ್ಟ್ 2019ರಿಂದ ‘ಡೈನಾಮಿಕ್’ ತಡೆಯಾಜ್ಞೆ ಕೊಡುತ್ತಿದೆ. ಒಂದು ಸೈಟ್ ಮುಚ್ಚಿಸಿದ ಮೇಲೆ ಅದೇ ಸರಕು ಬೇರೆ ಹೆಸರಲ್ಲಿ ಬಂದರೆ ಅದನ್ನೂ ಮುಚ್ಚಿಸಬಹುದು. ಕ್ರಿಕೆಟ್ ಸೀಸನ್‌ನಲ್ಲಿ ಬಾಕ್ಸ್‌ನ ಚಾನೆಲ್‌ಗಳು ಇದ್ದಕ್ಕಿದ್ದಂತೆ ಕಪ್ಪಾಗುವುದಕ್ಕೆ ಇದೂ ಒಂದು ಕಾರಣ. ಅಮೆಜಾನ್ ಕೂಡ 2025ರ ಕೊನೆಯಲ್ಲಿ ತನ್ನ ಫೈರ್ ಸ್ಟಿಕ್‌ನಲ್ಲಿ ಹೊರಗಿನಿಂದ ಹಾಕಿದ ಪೈರಸಿ ಆ್ಯಪ್‌ಗಳನ್ನು ತಡೆಯಲು ಶುರುಮಾಡಿತು.

ಎರಡನೆಯದು ಬಾಕ್ಸ್‌ನೊಳಗೇ ಇರುವ ಮಾಲ್‌ವೇರ್, ಅಂದರೆ ಕಳ್ಳತನದಿಂದ ಕೆಲಸ ಮಾಡುವ ಕೆಟ್ಟ ತಂತ್ರಾಂಶ. ನಿಮ್ಮ ನೆಟ್ ನಿಧಾನವಾಗಲು ಹೆಚ್ಚು ಸಂಬಂಧವಿರುವುದು ಇದಕ್ಕೇ. 2023ರ ಜನವರಿಯಲ್ಲಿ ಟಿ95 ಎಂಬ ಅಗ್ಗದ ಬಾಕ್ಸ್‌ನ ಫರ್ಮ್‌ವೇರ್‌ನಲ್ಲೇ (ಮಾರುವ ಮೊದಲೇ ಒಳಗೆ ತುಂಬಿದ ತಂತ್ರಾಂಶ) ಮಾಲ್‌ವೇರ್ ಇರುವುದು ಬಯಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ವಾಯ್ಡ್ ಎಂಬ ಮಾಲ್‌ವೇರ್ 197 ದೇಶಗಳ ಸುಮಾರು 13 ಲಕ್ಷ ಬಾಕ್ಸ್‌ಗಳಲ್ಲಿ ಸಿಕ್ಕಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ, ಮಾಲ್‌ವೇರ್ ಹತ್ತಿದ ಸಾಧನಗಳ ಜಾಲವಾದ ‘ಬ್ಯಾಡ್‌ಬಾಕ್ಸ್ 2.0’ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಮರುತಿಂಗಳು ಗೂಗಲ್ ಅದನ್ನು ನಡೆಸುವವರ ಮೇಲೆ ಮೊಕದ್ದಮೆ ಹೂಡಿದಾಗ ಹೇಳಿದ ಲೆಕ್ಕ 1 ಕೋಟಿಗೂ ಹೆಚ್ಚು ಸಾಧನಗಳು. ಇವುಗಳ ಮುಖ್ಯ ವ್ಯಾಪಾರ ನಿಮ್ಮ ಮನೆಯ ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಬಾಡಿಗೆಗೆ ಬಿಡುವುದು. ಯಾರೋ ಎಲ್ಲಿಂದಲೋ ನಿಮ್ಮ ಮನೆಯ ಮೂಲಕ ಇಂಟರ್ನೆಟ್‌ಗೆ ಹೋಗುತ್ತಾರೆ. ಅವರು ವಂಚನೆ ಮಾಡಿದರೆ ದಾಖಲೆಯಲ್ಲಿ ಉಳಿಯುವುದು ನಿಮ್ಮ ಸಂಪರ್ಕ.

ಬಾಕ್ಸ್ ನಿಧಾನ ಮಾಡುವ ಬಗೆ

ಡೌನ್‌ಲೋಡ್‌ನಲ್ಲಿ ಬರುವ ಕಂತುಗಳಿಗೆ ನಿಮ್ಮ ಮನೆಯಿಂದ ‘ಸಿಕ್ಕಿತು’ ಎಂಬ ರಶೀದಿ ಮೇಲಕ್ಕೆ ಹೋಗುತ್ತಿರಬೇಕು. ಬಾಕ್ಸ್ ಅಪ್‌ಲೋಡ್ ದಾರಿಯನ್ನು ತುಂಬಿಬಿಟ್ಟರೆ ರಶೀದಿಗಳು ಸಾಲಿನಲ್ಲಿ ನಿಲ್ಲುತ್ತವೆ, ಡೌನ್‌ಲೋಡ್ ಕೂಡ ಕುಂಟುತ್ತದೆ. 100ರ ಪ್ಲಾನನ್ನು 200ಕ್ಕೆ ಏರಿಸಿದರೂ ಪ್ರಯೋಜನ ಕಾಣದಿರುವುದು ಇದಕ್ಕೇ: ಬಾಡಿಗೆಗೆ ಪಡೆದವರು ಹೆಚ್ಚಿನ ಜಾಗವನ್ನೂ ಬಳಸಿಕೊಳ್ಳುತ್ತಾರೆ.

ಲೆಕ್ಕ ಸುಲಭ. ಬರೀ 1 ಎಂಬಿಪಿಎಸ್ ಸತತವಾಗಿ ಹರಿದರೆ ದಿನಕ್ಕೆ 10.8 ಜಿಬಿ, ತಿಂಗಳಿಗೆ 324 ಜಿಬಿ. 5 ಎಂಬಿಪಿಎಸ್ ಆದರೆ 1,620 ಜಿಬಿ. ಹಲವು ಫೈಬರ್ ಪ್ಲಾನ್‌ಗಳ ತಿಂಗಳ ಮಿತಿ 3,300 ಜಿಬಿ. ಅದರ ಅರ್ಧ ಹೀಗೇ ಹೋದರೆ ತಿಂಗಳ ಕೊನೆಯ ವಾರ ವೇಗ ಕುಸಿಯುವುದರಲ್ಲಿ ಆಶ್ಚರ್ಯವಿಲ್ಲ. ಅಕ್ಕಪಕ್ಕದವರಿಗೂ ತೊಂದರೆಯಿದೆ: ಸಾಮಾನ್ಯ ಜಿಪಾನ್ ಫೈಬರ್‌ನಲ್ಲಿ 32 ಅಥವಾ 64 ಮನೆಗಳು ಹಂಚಿಕೊಳ್ಳುವ ಒಟ್ಟು ಅಪ್‌ಲೋಡ್ 1.244 ಜಿಬಿಪಿಎಸ್ ಮಾತ್ರ.

ಇನ್ನೊಂದು ಸಣ್ಣ ಕಾಟವಿದೆ. ಡಬ್ಬದ ಮೇಲೆ ‘6ಕೆ’ ಎಂದು ಬರೆದ ಎಷ್ಟೋ ಬಾಕ್ಸ್‌ಗಳ ಒಳಗಿರುವುದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ. ಎರಡು ಗೋಡೆ ದಾಟಿದ ಮೇಲೆ ಅದು ತೀರಾ ನಿಧಾನವಾಗಿ ಮಾತಾಡುತ್ತದೆ, ಅದು ಮಾತಾಡುವಷ್ಟು ಹೊತ್ತು ಆ ಚಾನೆಲ್‌ನಲ್ಲಿ ಬೇರೆ ಯಾರೂ ಮಾತಾಡುವಂತಿಲ್ಲ.

ಒಂದು ರಾತ್ರಿಯ ಪರೀಕ್ಷೆ

ಲ್ಯಾಪ್‌ಟಾಪ್ ಅನ್ನು ಲ್ಯಾನ್ ಕೇಬಲ್‌ನಿಂದ ಮೋಡೆಮ್‌ಗೆ ಸೇರಿಸಿ. ಕೇಬಲ್ ಇಲ್ಲದಿದ್ದರೆ ಮೋಡೆಮ್ ಇರುವ ಕೋಣೆಯಲ್ಲೇ ಕೂತು 5 ಗಿಗಾಹರ್ಟ್ಸ್ ವೈಫೈ ಬಳಸಿ. ಮನೆಯ ಎಲ್ಲ ಫೋನ್‌ಗಳ ವೈಫೈ ಆಫ್ ಮಾಡಿ, ಇಲ್ಲವಾದರೆ ಫೋಟೋ ಬ್ಯಾಕಪ್ ಅಪ್‌ಲೋಡ್ ಅನ್ನು ನೀವು ಬಾಕ್ಸ್‌ನ ತಲೆಗೆ ಕಟ್ಟುತ್ತೀರಿ.

1. ಬಾಕ್ಸ್‌ನ ಪ್ಲಗ್ ಕಿತ್ತು, 8.8.8.8ಕ್ಕೆ (ಇದು ಗೂಗಲ್‌ನ ಸರ್ವರ್) ಎರಡು ನಿಮಿಷ ಪಿಂಗ್ ಮಾಡಿ, ಅಂದರೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಅಂಕಿ ಎಷ್ಟೇ ಇರಲಿ, ಮುಖ್ಯವಾದುದು ಅದು ಸ್ಥಿರವಾಗಿರುವುದು. ಬರೆದಿಡಿ.
2. ಬ್ರೌಸರ್‌ನಲ್ಲಿ ಮೋಡೆಮ್‌ನ ಪುಟ ತೆರೆಯಿರಿ. ಹೆಚ್ಚಿನವುಗಳಲ್ಲಿ ಅದು 192.168.1.1, ಪಾಸ್‌ವರ್ಡ್ ಮೋಡೆಮ್ ತಳದ ಚೀಟಿಯಲ್ಲಿರುತ್ತದೆ. ಸ್ಟೇಟಸ್ ಅಥವಾ ಸ್ಟಾಟಿಸ್ಟಿಕ್ಸ್ ಎಂಬಲ್ಲಿ ವ್ಯಾನ್ (WAN, ಹೊರಗಿನ ಲೈನ್) ಸಾಲಿನ ಕಳಿಸಿದ ಬೈಟ್‌ಗಳನ್ನು ಗುರುತು ಹಾಕಿಕೊಳ್ಳಿ.
3. ಬಾಕ್ಸ್ ಆನ್ ಮಾಡಿ, ಯಾವ ಆ್ಯಪ್ ಕೂಡ ತೆರೆಯದೆ ಹೋಂ ಸ್ಕ್ರೀನ್‌ನಲ್ಲಿ ಬಿಡಿ. ಟಿವಿ ಆಫ್ ಮಾಡಬಹುದು, ಬಾಕ್ಸ್ ಬೇಡ. ಕೆಲವು ಮಾಲ್‌ವೇರ್ ಆನ್ ಆದ ತಕ್ಷಣ ಏನೂ ಮಾಡುವುದಿಲ್ಲ, ಅದಕ್ಕೇ ರಾತ್ರಿಯಿಡೀ ಬಿಡಬೇಕು.
4. ಬೆಳಗ್ಗೆ ಮತ್ತೆ ಬೈಟ್ ನೋಡಿ, ಮತ್ತೆ ಎರಡು ನಿಮಿಷ ಪಿಂಗ್ ಮಾಡಿ.

ಸುಮ್ಮನೆ ಕೂತ ಬಾಕ್ಸ್ ರಾತ್ರಿಯಲ್ಲಿ ಕೆಲವು ಹತ್ತು ಎಂಬಿ ಕಳಿಸಿದ್ದರೆ ಸರಿ. ಜಿಬಿ ಲೆಕ್ಕದಲ್ಲಿ ಹೋಗಿದ್ದರೆ ಅದಕ್ಕೆ ಒಳ್ಳೆಯ ಕಾರಣವೇ ಇಲ್ಲ. ಬಾಕ್ಸ್ ಆನ್ ಇದ್ದಾಗ ಪಿಂಗ್ ಅಂಕಿ ಏರಿಳಿಯುತ್ತಿದ್ದರೂ ಅನುಮಾನ ಅದರ ಮೇಲೆಯೇ.

ಇಲ್ಲಿ ಮೂರು ಕಡೆ ಎಡವುತ್ತಾರೆ. ವ್ಯಾನ್ ಸಾಲಿನಲ್ಲಿ ‘ಕಳಿಸಿದ್ದು’ ಅಂದರೆ ಅಪ್‌ಲೋಡ್. ವೈಫೈ ಸಾಲಿನಲ್ಲಿ ಉಲ್ಟಾ, ಮೋಡೆಮ್ ಬಾಕ್ಸ್‌ನಿಂದ ‘ಪಡೆದದ್ದು’ ಅಪ್‌ಲೋಡ್. ಹಳೆಯ ಮೋಡೆಮ್‌ಗಳ ಎಣಿಕೆ 4 ಜಿಬಿ ಮುಟ್ಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಬೆಳಗ್ಗೆ ಅಂಕಿ ಕಡಿಮೆ ಕಂಡರೆ ಗಾಬರಿ ಬೇಡ. ಇನ್ನು ಕರೆಂಟು. ರಾತ್ರಿ ಒಮ್ಮೆ ಹೋಗಿ ಬಂದರೂ ಎಣಿಕೆ ಸೊನ್ನೆ. ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಇನ್ವರ್ಟರ್ ಮೇಲೆ ಮಾಡುವುದೇ ಸರಿ.

ಇನ್ನೊಂದು ಸೂಚನೆ ಪರೀಕ್ಷೆಯಿಲ್ಲದೆಯೂ ಸಿಗುತ್ತದೆ. ಯಾವ ಸೈಟಿಗೆ ಹೋದರೂ ‘ನೀವು ರೋಬೋ ಅಲ್ಲ ಎಂದು ತೋರಿಸಿ’ ಅಂತ ಕೇಳುತ್ತಿದ್ದರೆ ನಿಮ್ಮ ಐಪಿಗೆ ಕೆಟ್ಟ ಹೆಸರು ಬಂದಿದೆ ಎಂದರ್ಥ. ಆದರೆ ಇದೊಂದನ್ನೇ ನಂಬಬೇಡಿ. ಹಲವು ಕಂಪನಿಗಳು ಒಂದೇ ಐಪಿಯನ್ನು ಅನೇಕ ಮನೆಗಳಿಗೆ ಹಂಚುತ್ತವೆ, ಕೆಟ್ಟ ಹೆಸರು ನೆರೆಯವರಿಂದಲೂ ಬಂದಿರಬಹುದು.

ಒಳ್ಳೆಯದೋ ಕೆಟ್ಟದ್ದೋ ಗುರುತಿಸಲು

ಆಂಡ್ರಾಯ್ಡ್ ಬಾಕ್ಸ್ ಎಲ್ಲವೂ ಕಳ್ಳಮಾಲಲ್ಲ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆರೆದು, ಸಾಧನ ಪ್ಲೇ ಪ್ರೊಟೆಕ್ಟ್ ಸರ್ಟಿಫೈಡ್ ಎಂದಿದೆಯೇ ನೋಡಿ. ತಳದಲ್ಲಿ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ 8 ಅಂಕಿಯ ಸಂಖ್ಯೆ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬೇರೆ ವಸ್ತುವಿನ ಸಂಖ್ಯೆಯನ್ನು ಅಚ್ಚು ಹಾಕಿಸುವವರೂ ಇರುವುದರಿಂದ ಬಂದ ವಿವರ ಟಿವಿ ಬಾಕ್ಸ್‌ನದೇ ಎಂದು ಓದಿ ನೋಡಿ. ಆ್ಯಪ್ ಹಾಕಲು ‘ಮೊದಲು ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ’ ಎಂದು ಕೇಳುವ ಬಾಕ್ಸ್ ಅನ್ನು ಅಲ್ಲಿಗೇ ಕೆಳಗಿಡಿ.

ತೆಗೆಯುವ ಕ್ರಮ

ಫ್ಯಾಕ್ಟರಿ ರೀಸೆಟ್ ಮಾಡಿದರೆ ಶುದ್ಧವಾಯಿತು ಎಂಬ ನಂಬಿಕೆ ತಪ್ಪು. ಮಾಲ್‌ವೇರ್ ಇರುವುದು ರೀಸೆಟ್ ಮುಟ್ಟದ ಸಿಸ್ಟಂ ಭಾಗದಲ್ಲಿ. ರೀಸೆಟ್ ಅದನ್ನೇ ಮತ್ತೆ ಹೊಸದಾಗಿ ಎಬ್ಬಿಸುತ್ತದೆ. ಆದ್ದರಿಂದ ಪ್ಲಗ್ ಕಿತ್ತು ಬದಿಗಿಡಿ. ತೋಟದ ಲೈನ್ ಮನೆಯ ಕಾರ್ಮಿಕರಿಗೆ ದಾನ ಮಾಡುವುದೂ ಬೇಡ, ಅದು ರೋಗವನ್ನು ಪಕ್ಕದ ಮನೆಗೆ ಕಳಿಸಿದಂತೆ. ಇ-ತ್ಯಾಜ್ಯಕ್ಕೆ ಹಾಕಿ.

ಆಮೇಲೆ ಫೋನ್‌ನಿಂದ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ‘ನಿಮ್ಮ ಸಾಧನಗಳು’ ತೆರೆದು ಬಾಕ್ಸ್ ಅನ್ನು ಸೈನ್ ಔಟ್ ಮಾಡಿ, ನಂತರ ಪಾಸ್‌ವರ್ಡ್ ಬದಲಿಸಿ. ಬಾಕ್ಸ್‌ನಲ್ಲಿ ಲಾಗಿನ್ ಆಗಿದ್ದ ಬೇರೆ ಖಾತೆಗಳಿಗೂ ಇದೇ ಕ್ರಮ. ವೈಫೈ ಪಾಸ್‌ವರ್ಡ್ ಮತ್ತು ಮೋಡೆಮ್‌ನ ಅಡ್ಮಿನ್ ಪಾಸ್‌ವರ್ಡ್ ಎರಡನ್ನೂ ಬದಲಿಸಿ. ಮೋಡೆಮ್‌ನಲ್ಲಿ ಯುಪಿಎನ್‌ಪಿ (UPnP), ಡಬ್ಲ್ಯುಪಿಎಸ್ (WPS) ಮತ್ತು ಹೊರಗಿನಿಂದ ನಿಯಂತ್ರಿಸುವ ಸೌಲಭ್ಯ ಆಫ್ ಇರಲಿ. ಡಿಎನ್‌ಎಸ್ (DNS, ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಜಾಗದಲ್ಲಿ ನೀವು ಹಾಕದ ವಿಳಾಸವಿದ್ದರೆ ಕಂಪನಿಯನ್ನು ಕೇಳಿ. ‘ಚಾನೆಲ್ ಪ್ಯಾಕ್’ ಎಂದು ತಿಂಗಳ ಹಣ ಕಟ್ಟುತ್ತಿದ್ದರೆ ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ಆ ಅನುಮತಿ ರದ್ದುಮಾಡಿ. ಬಾಕ್ಸ್ ಹೋಯಿತು, ಕಂತು ಉಳಿಯಿತು ಎಂದಾಗಬಾರದು. ಕಂಪ್ಯೂಟರ್ ಮತ್ತು ಫೋನ್‌ಗಳನ್ನು ನೋಡಲು ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಉಪಕರಣಗಳಿವೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೋಂಸ್ಟೇ ನಡೆಸುವವರು ಇನ್ನಷ್ಟು ಹುಷಾರು

ಅತಿಥಿಗಳು ತಮ್ಮದೇ ಸ್ಟಿಕ್ ತಂದು ಟಿವಿಗೆ ಚುಚ್ಚುತ್ತಾರೆ, ತಡೆಯಲಾಗದು. ಅದಕ್ಕೇ ಮೋಡೆಮ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಮಾಡಿ, ಒಂದು ಸಾಧನ ಇನ್ನೊಂದನ್ನು ನೋಡದಂತೆ ಐಸೋಲೇಶನ್ ಆನ್ ಮಾಡಿ. ಕ್ಯಾಮೆರಾ, ಬಿಲ್ಲಿಂಗ್ ಕಂಪ್ಯೂಟರ್ ಬೇರೆ ನೆಟ್‌ವರ್ಕ್‌ನಲ್ಲಿರಲಿ. ಅಗ್ಗದ ಎಷ್ಟೋ ಬಾಕ್ಸ್‌ಗಳು 5555ನೇ ಪೋರ್ಟ್ (ಬೇರೆ ಸಾಧನದಿಂದ ಆದೇಶ ಕೊಡಬಹುದಾದ ಬಾಗಿಲು) ತೆರೆದಿಟ್ಟುಕೊಂಡೇ ಬರುತ್ತವೆ, ಒಂದಕ್ಕೆ ಹತ್ತಿದ್ದು ಅದೇ ನೆಟ್‌ವರ್ಕ್‌ನ ಇನ್ನೊಂದಕ್ಕೆ ದಾಟಬಹುದು.

ಹಾಲ್‌ನಲ್ಲಿ ಪೈರೇಟೆಡ್ ಸಿನಿಮಾ ತೋರಿಸುವುದು ಮನೆಮಂದಿ ನೋಡಿದಂತಲ್ಲ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯ ಪ್ರಕಾರ ಲಾಭಕ್ಕಾಗಿ ಕಳ್ಳಪ್ರತಿಯನ್ನು ಸಾರ್ವಜನಿಕವಾಗಿ ತೋರಿಸಿದರೆ 3 ತಿಂಗಳಿಂದ 3 ವರ್ಷ ಜೈಲು. ದಂಡ 3 ಲಕ್ಷ ರೂಪಾಯಿಯಿಂದ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೆ. ಮನೆಗೆಂದು ತೆಗೆದುಕೊಂಡ ಓಟಿಟಿ ಚಂದಾ ಕೂಡ ಸಾಮಾನ್ಯವಾಗಿ ವೈಯಕ್ತಿಕ ಬಳಕೆಗೆ ಮಾತ್ರ, ಅತಿಥಿಗಳ ಹಾಲ್‌ಗಲ್ಲ.

ಕಾಟೇಜ್‌ಗಳಿಗೆ ನೆಟ್ ಎಳೆಯುವಾಗ ಲ್ಯಾನ್ ಕೇಬಲ್ 100 ಮೀಟರ್ ದಾಟಬಾರದು. ಅದಕ್ಕಿಂತ ಹತ್ತಿರವಿದ್ದರೂ ಎರಡು ಕಟ್ಟಡಗಳ ನಡುವೆ ಫೈಬರ್ ಮತ್ತು ಅದನ್ನು ಲ್ಯಾನ್ ಕೇಬಲ್‌ಗೆ ಸೇರಿಸುವ ಒಂದು ಜೊತೆ ಮೀಡಿಯಾ ಕನ್ವರ್ಟರ್ ಒಳ್ಳೆಯದು. ಏಪ್ರಿಲ್-ಮೇ ಗುಡುಗಿನಲ್ಲಿ ತಾಮ್ರದ ಕೇಬಲ್ ಎರಡೂ ಕಡೆಯ ಉಪಕರಣವನ್ನು ಸುಡಿಸುತ್ತದೆ.

ಬಾಕ್ಸ್ ಹೋದ ಮೇಲೂ ನಿಧಾನವಿದ್ದರೆ

ಆಗ ಲೈನ್ ನೋಡಿ. ಮೋಡೆಮ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಅಂಕಿ ಇರುತ್ತದೆ, ಅದು ಫೈಬರ್‌ನಲ್ಲಿ ಬಂದ ಬೆಳಕಿನ ಬಲ. -15ರಿಂದ -24 ಡಿಬಿಎಂ ನಡುವೆ ಇದ್ದರೆ ನೆಮ್ಮದಿ. -27 ಅಂದರೆ ಅಂಚು. ಅಲ್ಲಿಂದ ಕೆಳಗೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಅಂಕಿ ಪ್ರತಿ 3 ಕುಸಿದಾಗ ಬೆಳಕು ಅರ್ಧವಾಗುತ್ತದೆ, ಹಾಗಾಗಿ ಮೊನ್ನೆ -21 ಇದ್ದದ್ದು ಇವತ್ತು -24 ಆಗಿದ್ದರೆ ನೆಟ್ ನಡೆಯುತ್ತಿದ್ದರೂ ಎಲ್ಲೋ ಏನೋ ಆಗಿದೆ. ನಮ್ಮಲ್ಲಿ ಆಗುವುದು ಹೆಚ್ಚಾಗಿ ಮೂರೇ: ಮರಗಸಿಯಲ್ಲೋ (ತೋಟದ ನೆರಳುಮರಗಳ ಕೊಂಬೆ ಸವರುವ ಕೆಲಸ) ಗಾಳಿಯಲ್ಲೋ ಕೊಂಬೆ ಬಿದ್ದು, ಕಂಬದಿಂದ ಮನೆಗೆ ಬರುವ ಡ್ರಾಪ್ ಕೇಬಲ್ ಮಡಚಿರುವುದು, ಜಾಯಿಂಟ್ ಡಬ್ಬಿಗೆ ನೀರು ಇಳಿದಿರುವುದು, ಇಲ್ಲವೇ ಮನೆಯೊಳಗೆ ಕಿಟಕಿಯ ಚೌಕಟ್ಟಿಗೆ ಕೇಬಲ್ ಸಿಕ್ಕಿರುವುದು. ಸಿದ್ದಾಪುರದ ಕಡೆ ಆನೆ ಕೆಡವಿದ ಬೈನೆ ಮರವನ್ನೂ ಸೇರಿಸಿಕೊಳ್ಳಬಹುದು. ಕೇಬಲ್ ಅನ್ನು ಲೋಟದ ಬಾಯಿಗಿಂತ ಚಿಕ್ಕದಾಗಿ ಸುತ್ತಬೇಡಿ. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ, ಆ ಬೆಳಕು ಕಾಣದಿದ್ದರೂ ಕಣ್ಣಿಗೆ ಕೆಟ್ಟದ್ದು.

ಹಳೆಯ ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆ) ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ದಾಟುವುದು ಕಷ್ಟ. ರಿಪೀಟರ್‌ಗಿಂತ ಕೇಬಲ್ ಎಳೆದು ಒಳಗಿನ ಕೋಣೆಯಲ್ಲೊಂದು ಆಕ್ಸೆಸ್ ಪಾಯಿಂಟ್ ಇಡಿ. 2.4ರಲ್ಲಿ ಚಾನೆಲ್ 1, 6, 11 ಬಿಟ್ಟು ಬೇರೆ ಬೇಡ. ಕರೆಂಟು ಕಣ್ಣಾಮುಚ್ಚಾಲೆ ಆಡುವ ಮನೆಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಸಾಕು, ಆದರೆ ಮೋಡೆಮ್ ಅಡಾಪ್ಟರ್‌ನ ಆಂಪಿಯರ್‌ಗಿಂತ ಅದು ಕಡಿಮೆಯದಾಗಿರಬಾರದು. 22 ವಾಟ್-ಅವರ್ ಬ್ಯಾಟರಿ 10 ವಾಟ್ ಮೋಡೆಮ್ ಅನ್ನು ಸುಮಾರು ಎರಡು ಗಂಟೆ ನಡೆಸುತ್ತದೆ.

ಬಾಕ್ಸ್ ಬಿಟ್ಟು ಟಿವಿ ಬೇಕೆಂದರೆ ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯಿಲ್ಲ. ಕೊಡಗಿನಿಂದ ತಟ್ಟೆ ಆಗ್ನೇಯಕ್ಕೆ, ಅಂದರೆ ಉತ್ತರದಿಂದ ಸುಮಾರು 124 ಡಿಗ್ರಿಗೆ, ನೆಲದಿಂದ ಸುಮಾರು 65 ಡಿಗ್ರಿ ಎತ್ತರಕ್ಕೆ ಮುಖ ಮಾಡಬೇಕು. ಅಷ್ಟು ಮೇಲಕ್ಕೆ ನೋಡುವುದರಿಂದ ದೂರದ ಸಿಲ್ವರ್ ಓಕ್ ಸಾಲು ಅಡ್ಡಬರುವುದಿಲ್ಲ. ಜುಲೈನ ಜಡಿಮಳೆಗೆ ಮಾತ್ರ ಚಿತ್ರ ಆಗಾಗ ಹೋಗುತ್ತದೆ. ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರ ನವೆಂಬರ್‌ನಿಂದ ಇದೆ. ಕೊಡವ ಕುಟುಂಬಗಳ ಹಾಕಿ ಹಬ್ಬವಾದ ಹಾಕಿ ನಮ್ಮೆಯ ಆಟಗಳು ಯೂಟ್ಯೂಬ್‌ನಲ್ಲೇ ಸಿಗುತ್ತವೆ, ಎಚ್‌ಡಿಗೆ 5 ಎಂಬಿಪಿಎಸ್ ಸಾಕು.

ಇಷ್ಟಾದ ಮೇಲೂ ದೂರು ಕೊಡಬೇಕಾಗಿ ಬಂದರೆ ‘ನೆಟ್ ಸ್ಲೋ’ ಎಂದಷ್ಟೇ ಹೇಳಬೇಡಿ. ಬಾಕ್ಸ್ ಇಲ್ಲದೆ, ಲ್ಯಾನ್ ಕೇಬಲ್‌ನಲ್ಲಿ ತೆಗೆದ ಪಿಂಗ್ ಮತ್ತು ವೇಗ, ಆಪ್ಟಿಕಲ್ ಪವರ್ ಅಂಕಿ, ದಿನಾಂಕ, ಗಂಟೆ, ಇಷ್ಟನ್ನೂ ಬರೆದುಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ಬಗೆಹರಿಯದಿದ್ದರೆ ಅದೇ ನಂಬರ್ ಹಿಡಿದು ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.