ಹಳೇ ಸ್ವಿಸ್ ಕ್ರೋನೋಗ್ರಾಫ್ ಬೇಕಾ? ಅಂಗಡಿಯಲ್ಲೇ ಅರ್ಧ ಗಂಟೆ ಕೂತುಕೊಳ್ಳಿ

ಕಳೆದ ದೀಪಾವಳಿಗೆ ಮನೆಗೆ ಬಂದ ಭಾವಮೈದ ಬಾಗಿಲಲ್ಲೇ ಕೈ ಚಾಚಿದ. ‘ಭಾವ, ಸ್ವಿಸ್ ಕ್ರೋನೋಗ್ರಾಫ್! ಅರವತ್ತನೇ ಇಸವಿದಂತೆ. ಹೇಗಿದೆ ನೋಡಿ.’ ಮದುಮಗನ ಹಾಗೆ ಫಳಫಳ ಅನ್ನುತ್ತಿತ್ತು. ಅನುಮಾನ ಶುರುವಾಗಿದ್ದೇ ಅಲ್ಲಿ. ಮೇಲಿನ ಬಟನ್ ಒತ್ತಿದೆ, ಉದ್ದ ಮುಳ್ಳು ಓಡಿತು. ಮತ್ತೆ ಒತ್ತಿದೆ, ನಿಂತಿತು. ಕೆಳಗಿನದು ಒತ್ತಿದೆ. 12ಕ್ಕೆ ಬರಬೇಕಾದ ಮುಳ್ಳು ಎರಡು ಸೆಕೆಂಡು ದಾಟಿ ಕೂತಿತು. ಇನ್ನೊಂದು ಸಲ ನೋಡಿದರೆ 57ರ ಹತ್ತಿರ. ‘ಕೊಳ್ಳುವಾಗ ಒತ್ತಿ ನೋಡಲಿಲ್ವಾ?’ ಅಂದೆ. ‘ಹಾಳಾಗುತ್ತೆ, ಒತ್ತಬೇಡಿ ಅಂದ್ರು ಭಾವ’ ಅಂದ.

ಕೈಗಡಿಯಾರದೊಳಗೆ ಇನ್ನೊಂದು ಸ್ಟಾಪ್‌ವಾಚ್ ಕೂರಿಸಿದರೆ ಅದು ಕ್ರೋನೋಗ್ರಾಫ್. ಹಳೇ ವಾಚಿನಲ್ಲಿ ಜೇಬಿಗೆ ಕತ್ತರಿ ಹಾಕುವುದೂ ಆ ಸ್ಟಾಪ್‌ವಾಚೇ. ಟೈಮ್ ತೋರಿಸಿದ ಮಾತ್ರಕ್ಕೆ ವಾಚು ಸರಿಯಿದೆ ಅಂದುಕೊಳ್ಳಬೇಡಿ.

ಹಂತ 1: ಹೆಸರು ಬಿಡಿ, ಮೆಷಿನ್ ನೋಡಿ

ಆಗಿನ ಸ್ವಿಸ್ ಬ್ರ್ಯಾಂಡ್‌ಗಳಲ್ಲಿ ಬಹಳಷ್ಟು ಕ್ರೋನೋಗ್ರಾಫ್ ಮೆಷಿನ್ ಸ್ವಂತವಾಗಿ ಮಾಡುತ್ತಿರಲಿಲ್ಲ. ವಾಲ್ಜೂ, ವೀನಸ್, ಲ್ಯಾಂಡೆರಾನ್, ಲೆಮಾನಿಯಾ ಕಂಪನಿಗಳಿಂದ ತರಿಸಿ ತಮ್ಮ ಡಯಲ್ ಹಾಕುತ್ತಿದ್ದವು. 1963ರಲ್ಲಿ ಬಂದ ಹೋಯರ್ ಕರೇರಾ ಒಳಗೆ ಇದ್ದದ್ದು ವಾಲ್ಜೂ 72. 1957ರ ಒಮೆಗಾ ಸ್ಪೀಡ್‌ಮಾಸ್ಟರ್‌ನ 321 ಮೆಷಿನ್ ಮೂಲದಲ್ಲಿ ಲೆಮಾನಿಯಾದ್ದು. ಅವುಗಳ ಈಗಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸುಮ್ನೆ ಆಸೆ ಪಡಬೇಡಿ.

ಮೊದಲ ವಾಚಿಗೆ ನನ್ನ ಮಾತು ಒಂದೇ: ವಾಲ್ಜೂ 7733. ಎಪ್ಪತ್ತರ ದಶಕದ ಕೀ ಕೊಡುವ ಮೆಷಿನ್. ತಾರೀಖು ಬೇಕಿದ್ದರೆ 7734, ಗಂಟೆಯ ಲೆಕ್ಕವೂ ಬೇಕಿದ್ದರೆ 7736. ವಾಲ್ಜೂ 72ರಲ್ಲಿ ಸ್ಟಾಪ್‌ವಾಚನ್ನು ಓಡಿಸಿ ನಿಲ್ಲಿಸಲು ಕಾಲಮ್ ವೀಲ್ ಇರುತ್ತದೆ, ಕೋಟೆಯ ಬುರುಜಿನ ಹಾಗೆ ಹಲ್ಲು ನಿಂತಿರುವ ಚಕ್ರ. ನೋಡಲು ಚೆಂದ, ಮಾಡಿಸಲು ದುಬಾರಿ. 7733ರಲ್ಲಿ ಅದರ ಬದಲು ಕ್ಯಾಮ್, ಅಂದರೆ ಅದೇ ಕೆಲಸ ಮಾಡುವ ಉಬ್ಬುತಗ್ಗಿನ ತಗಡು. ಅಂದ ಕಡಿಮೆ, ಆದರೆ ಬಿಡಿಭಾಗ ಹುಡುಕುವುದು ಸುಲಭ. ಕೇಳದ ಹೆಸರಿನ ಬ್ರ್ಯಾಂಡ್ ಆದರೂ ಪರವಾಗಿಲ್ಲ.

ಆಟೊಮ್ಯಾಟಿಕ್, ಅಂದರೆ ಕೈ ಆಡಿದ ಹಾಗೆ ತಾನೇ ಕೀ ಆಗುವ ಕ್ರೋನೋಗ್ರಾಫ್ ಬಂದದ್ದು 1969ರಲ್ಲಿ. ಆ ಕಾಲದ್ದು ಸಿಕ್ಕಿತೆಂದು ಹಾರಿ ಬೀಳಬೇಡಿ, ಕೆಟ್ಟರೆ ಮಾಡುವವರು ಬೇಕಲ್ಲ. ದುಡ್ಡು ಕಡಿಮೆ ಇದ್ದರೆ ರಷ್ಯದ ಪೋಲ್ಯೋಟ್ 3133 ನೋಡಿ. ಸ್ವಿಸ್ ಅಲ್ಲ, ಆದರೆ 7734ರ ವಂಶವೇ.

ಹಂತ 2: ಹುಡುಕುವುದು

ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಹಳೇ ವಾಚ್ ರಿಪೇರಿಯವರು, ಗುರುತಿನ ಸಂಗ್ರಹಕಾರರು, ಅಜ್ಜನ ಬೀರು. ಫೋಟೋ ನೋಡಿ ದುಡ್ಡು ಹಾಕಬೇಡಿ, ಅಷ್ಟೇ.

ಹಂತ 3: ಒತ್ತಿ ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಐದು ಸೆಕೆಂಡು ಓಡಿಸಿ, ನಿಲ್ಲಿಸಿ, ‘ವರ್ಕಿಂಗ್ ಇದೆ’ ಅಂದುಬಿಡುತ್ತಾರೆ. ಅರ್ಧ ಗಂಟೆ ಬೇಕು. ಅಂಗಡಿಯವರು ಮುಖ ಸಿಂಡರಿಸಿದರೆ ಟೀ ತರಿಸಿ.

ಮೊದಲು ಪೂರ್ತಿ ಕೀ ಕೊಡಿ. ಕ್ರೌನ್, ಅಂದರೆ ಕೀ ಕೊಡುವ ತಿರುಪು, ತಿರುಗಿಸುವಾಗ ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಒಳಗೆ ಎಣ್ಣೆ ಒಣಗಿದೆ ಅಥವಾ ತುಕ್ಕಿದೆ. ಎಡಗಡೆ 9ರ ಹತ್ತಿರದ ಪುಟ್ಟ ಮುಳ್ಳು ಸಾಮಾನ್ಯವಾಗಿ ವಾಚಿನ ಸೆಕೆಂಡ್ ಮುಳ್ಳು, ಅದು ಸದಾ ಓಡುತ್ತಿರಬೇಕು. ನಡುವಿನ ಉದ್ದ ಮುಳ್ಳು ಸ್ಟಾಪ್‌ವಾಚಿಂದು, ಸುಮ್ಮನಿರಬೇಕು.

ಈಗ ಮೇಲಿನ ಬಟನ್ ಒತ್ತಿ. ಟಕ್ ಎಂದು ಒಂದೇ ಏಟಿಗೆ ಕೂರಬೇಕು. ಹೆಬ್ಬೆರಳು ನೋಯುವಷ್ಟು ಗಟ್ಟಿಯೂ ಬೇಡ, ಹಿಟ್ಟಿನಲ್ಲಿ ಬೆರಳಿಟ್ಟಂತೆ ಮೆತ್ತಗೂ ಬೇಡ. ಹೊರಡುವಾಗ ಮುಳ್ಳು ಚೂರು ಜಿಗಿದರೆ ತಪ್ಪಿಲ್ಲ, ಎರಡು ಚಕ್ರದ ಹಲ್ಲು ಆಗತಾನೇ ಕೂಡುತ್ತಿರುತ್ತವೆ. ಒಂದು ಸೆಕೆಂಡಿನಷ್ಟು ಹಾರಿದರೆ ಅಥವಾ ನಡುಗುತ್ತಾ ಹೋದರೆ ಹೊಂದಾಣಿಕೆ ತಪ್ಪಿದೆ.

60 ಸೆಕೆಂಡು ಮುಗಿಯುವಾಗ ಬಲಗಡೆ 3ರ ಹತ್ತಿರದ ನಿಮಿಷದ ಮುಳ್ಳನ್ನೇ ನೋಡಿ. 58–59ಕ್ಕೆ ಅಲುಗಲು ಶುರುವಾಗಿ, ಉದ್ದ ಮುಳ್ಳು 12 ದಾಟುವಾಗ ಒಂದು ಗೆರೆ ಮುಂದೆ ಕೂರಬೇಕು. 50ಕ್ಕೇ ಹಾರಿದರೆ, ಎರಡು ಗೆರೆ ಹಾರಿದರೆ, ಹಾರದೇ ಉಳಿದರೆ ಖರ್ಚು ಗ್ಯಾರಂಟಿ. ಹಾಗೇ ಓಡಲು ಬಿಡಿ. ಸ್ಟಾಪ್‌ವಾಚ್ ಸೇರಿದ ಮೇಲೆ ಮೆಷಿನ್ನಿಗೆ ಭಾರ ಜಾಸ್ತಿ. ಸೊರಗಿದ ವಾಚು ಹತ್ತು ನಿಮಿಷ ಓಡಿ, ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಅರ್ಧ ಗಂಟೆ ಅಂದದ್ದು ಅದಕ್ಕೇ.

ಆಮೇಲೆ ನಿಲ್ಲಿಸಿ, ನಂತರ ಕೆಳಗಿನ ಬಟನ್. ಓಡುವಾಗಲೇ ಕೆಳಗಿನದನ್ನು ಒತ್ತಬೇಡಿ, ಬಲ ಹಾಕಿ ಒತ್ತಿದರೆ ಒಳಗೆ ಏನಾದರೂ ಮುರಿಯುತ್ತದೆ. ಲ್ಯಾಂಡೆರಾನ್ 48 ಮಾತ್ರ ಬೇರೆ: ಮೇಲಿನದು ಬರೀ ಓಡಿಸುತ್ತದೆ, ನಿಲ್ಲಿಸುವುದೂ ಸೊನ್ನೆಗೆ ತರುವುದೂ ಕೆಳಗಿನದೇ. ಇದು ಗೊತ್ತಿಲ್ಲದೆ ಸರಿಯಿದ್ದ ವಾಚನ್ನು ಕೆಟ್ಟಿದೆ ಎಂದು ಬಿಟ್ಟು ಬಂದವರನ್ನೂ ಕಂಡಿದ್ದೇನೆ.

ಸೊನ್ನೆಗೆ ತರುವುದನ್ನು ಹತ್ತು ಸಲ ಮಾಡಿ. ಒಳಗೆ ಹೃದಯದ ಆಕಾರದ ಒಂದು ಚೂರಿದೆ. ಅದಕ್ಕೆ ಪುಟ್ಟ ಸುತ್ತಿಗೆ ಬಡಿದಾಗ ಮುಳ್ಳು ವಾಪಸ್ ಬರುತ್ತದೆ. ಹತ್ತು ಸಲವೂ ಒಂದೇ ಕಡೆ, ಅಂದರೆ ಪ್ರತಿಸಲ 1 ಸೆಕೆಂಡು ಮುಂದೆ ನಿಂತರೆ, ಮುಳ್ಳು ಕೂರಿಸಿದ್ದು ವಾರೆ ಅಷ್ಟೇ, ಸಣ್ಣ ಕೆಲಸ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮುಳ್ಳು ಸಡಿಲ ಅಥವಾ ಸುತ್ತಿಗೆ ಸವೆದಿದೆ. ಭಾವಮೈದನದು ಎರಡನೇ ಜಾತಿ.

ಹಂತ 4: ಡಯಲ್‌ನ ಲೆಕ್ಕ

ಹಳೇ ಡಯಲ್ ಕೆರೆದು ಹೊಸದಾಗಿ ಪ್ರಿಂಟ್ ಹಾಕುವುದು ನಮ್ಮಲ್ಲಿ ದೊಡ್ಡ ದಂಧೆ. ದಪ್ಪಗೆ ಒಸರಿದ ಅಕ್ಷರ, ಬಣ್ಣ ತುಂಬಿ ಮುಚ್ಚಿಹೋದ ಒಳವೃತ್ತದ ಸಣ್ಣ ಗೀರುಗಳು ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಐ ಗ್ಲಾಸ್‌ನಲ್ಲಿ ಕಾಣುತ್ತವೆ. ಅನುಭವ ಇಲ್ಲದವರಿಗೆ ನಾನು ಹೇಳಿಕೊಡುವುದು ಬೇರೆ ಉಪಾಯ.

ಅಂಚಿನ ಸುತ್ತ ಟ್ಯಾಕಿಮೀಟರ್ ಅಂಕಿಗಳಿರುತ್ತವೆ. ಒಂದು ಕಿಲೋಮೀಟರ್‌ಗೆ ಎಷ್ಟು ಸೆಕೆಂಡು ಹಿಡಿಯಿತೋ ಅದರಿಂದ ಗಂಟೆಯ ವೇಗ ಓದುವುದಕ್ಕೆ. ಲೆಕ್ಕ ಸರಳ: 3600ನ್ನು ಸೆಕೆಂಡಿನಿಂದ ಭಾಗಿಸಿ. 30ನೇ ಸೆಕೆಂಡಿನ ಎದುರು 120 ಇರಲೇಬೇಕು. 45ರ ಎದುರು 80, 36ರ ಎದುರು 100, 15ರ ಎದುರು 240. ಕಾರ್ಖಾನೆಯ ಡಯಲ್‌ನಲ್ಲಿ ಇದು ಕೂದಲೆಳೆಯೂ ತಪ್ಪುವುದಿಲ್ಲ. ಕಣ್ಣಂದಾಜಿನ ಪ್ರಿಂಟ್‌ನಲ್ಲಿ ತಪ್ಪುತ್ತದೆ. ಭಾವಮೈದನ ವಾಚಿನಲ್ಲಿ 80 ಹೋಗಿ 47ರ ಎದುರು ಕೂತಿತ್ತು. (ಸಿಲ್ಕ್ ಬೋರ್ಡ್ ಕಡೆ ಟ್ಯಾಕಿಮೀಟರ್ ನಂಬಬೇಡಿ. ಕಿಲೋಮೀಟರ್‌ಗೆ 60 ಸೆಕೆಂಡು ಮೀರಿದರೆ ಬಹಳಷ್ಟು ಡಯಲ್‌ಗಳಲ್ಲಿ ಅಂಕಿಯೇ ಇಲ್ಲ.)

ಐವತ್ತರ ದಶಕದ ಡಯಲ್ ಕತ್ತಲಲ್ಲಿ ಹಸಿರಾಗಿ ಮಿನುಗಿದರೂ ಅನುಮಾನಿಸಿ. ಆಗ ಬಳಿಯುತ್ತಿದ್ದದ್ದು ರೇಡಿಯಂ ಬೆರೆತ ಬಣ್ಣ. ಹೊಳಪು ಎಂದೋ ಸತ್ತಿರುತ್ತದೆ, ವಿಕಿರಣ ಸತ್ತಿರುವುದಿಲ್ಲ. ಅದನ್ನು ಕೆರೆಯಬೇಡಿ, ಊದಬೇಡಿ.

ಹಂತ 5: ಹಿಂದಿನ ಮುಚ್ಚಳ ತೆಗೆಸಿ

ತೆಗೆಯಲ್ಲ ಅಂದರೆ ಎದ್ದು ಬನ್ನಿ. ತೆಗೆದರೆ ಮೆಷಿನ್ ನಂಬರ್ ಓದಿ, ಹಿಂದೆ ಮುಂದೆ ತೂಗುವ ಬ್ಯಾಲೆನ್ಸ್ ಚಕ್ರದ ಸಮೀಪ ಸಾಮಾನ್ಯವಾಗಿ ಇರುತ್ತದೆ. ತುಕ್ಕು, ಕಿತ್ತ ಸ್ಕ್ರೂ ತಲೆ ನೋಡಿ. ಆಮೇಲೆ ಮೂಗು ಹತ್ತಿರ ತನ್ನಿ. ನಗಬೇಡಿ. ಬಿಚ್ಚದೆ ಇಡೀ ಮೆಷಿನ್ನನ್ನು ಪೆಟ್ರೋಲ್‌ನಲ್ಲಿ ಅದ್ದಿ ತೆಗೆದು ‘ಸರ್ವಿಸ್ ಆಗಿದೆ’ ಅನ್ನುವವರು ಇದ್ದಾರೆ. ಮೊದಲ ವಾಚಿನಲ್ಲಿ ನಾನೇ ಮೋಸ ಹೋಗಿದ್ದೆ. ನಾಲ್ಕು ತಿಂಗಳಿಗೆ ನಿಂತಿತು. ಬಿಚ್ಚಿದಾಗ ಚಕ್ರಗಳ ನಡುವೆ ಕರೀ ಜಿಡ್ಡು ಬಾಣಲೆಯ ತಳದ ಹಾಗೆ ಹಿಡಿದಿತ್ತು.

ಹಂತ 6: ಸರ್ವಿಸ್

ಯಾರು ಏನೇ ಹೇಳಲಿ, ಕೊಂಡ ವಾರವೇ ಮಾಡಿಸಿ. ಅದರ ಖರ್ಚನ್ನು ಬೆಲೆ ಮಾತಾಡುವಾಗಲೇ ಕಳೆಯಿರಿ. ಎಚ್‌ಎಂಟಿ 1961ರಿಂದ ವಾಚು ಮಾಡಿದ ಊರಿದು, ಕೈ ಪಳಗಿದವರು ಇನ್ನೂ ಇದ್ದಾರೆ. ಆದರೆ ಕ್ರೋನೋಗ್ರಾಫ್ ಬಿಚ್ಚಿ ಜೋಡಿಸಿದ ಅನುಭವ ಇದೆಯಾ ಎಂದು ಕೇಳಿಯೇ ಕೊಡಿ. ಕೊಡುವಾಗ ‘ಬಫಿಂಗ್ ಬೇಡ’ ಎಂದು ಚೀಟಿಯಲ್ಲಿ ಬರೆಸಿ. ಒಮ್ಮೆ ಬಫ್ ಹೊಡೆದರೆ ಕೇಸಿನ ಚೂಪು ಅಂಚು ಸವೆದು ಸಾಬೂನಿನ ಹಾಗಾಗುತ್ತದೆ, ವಾಪಸ್ ಬರುವುದಿಲ್ಲ. ಬಿಗಿ ಬಟನ್‌ಗೆ ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಎಣ್ಣೆ ಬಿಡುವವರಿದ್ದಾರೆ. ಅದು ನೇರ ಒಳಗಿಳಿದು ಧೂಳು ಹಿಡಿಯುತ್ತದೆ.

ಹಂತ 7: ಕಟ್ಟಿಕೊಳ್ಳುವುದು

ಮಳೆಯಲ್ಲಿ ಬೇಡ, ಪಾತ್ರೆ ತೊಳೆಯುವಾಗ ಬೇಡ. ಸ್ಟ್ರಾಪ್ ನಿಮ್ಮಿಷ್ಟ. ಸ್ಟ್ರಾಪ್ ಹಿಡಿಯುವ ಸ್ಪ್ರಿಂಗ್ ಕಡ್ಡಿಗಳನ್ನು ಮಾತ್ರ ಮೊದಲ ದಿನವೇ ಬದಲಾಯಿಸಿ. ಸ್ನೇಹಿತನೊಬ್ಬ ವಾಚಿಗೆ ತಿಂಗಳ ಸಂಬಳ ಸುರಿದು ಹಳೇ ಕಡ್ಡಿಯನ್ನೇ ಬಿಟ್ಟಿದ್ದ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಕಡ್ಡಿ ಹಾರಿತು. ಸ್ಟ್ರಾಪ್ ಕೈಯಲ್ಲೇ ಇತ್ತು.